ಅಬ್ಬರಕ್ಕೆ ತಕ್ಕ ಚಿತ್ರ, ಆದರೆ ಅರ್ಧ ಕಥೆ

ಮಾನ್ಯರೇ,

‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಎಂಬ ಅನಿಮೇಷನ್ ಚಿತ್ರದ ಬಗ್ಗೆ ಎದ್ದಿದ್ದ ಅಬ್ಬರ ಕಂಡು ನನಗೆ ಅನುಮಾನವೇ ಇತ್ತು. ಈ ಸರಣಿಯ ಮೊದಲ ಚಿತ್ರ (2018) ಆಸ್ಕರ್ ಗೆದ್ದಿತ್ತು. ಅದನ್ನು ಮೀರಿಸುವುದು ಸುಲಭವಲ್ಲ. ಮಗಳ ಜೊತೆ ಕನ್ನಡದಲ್ಲೇ ನೋಡಿದೆ. ಜೇಡಶಕ್ತಿಯ ಹುಡುಗಿ ಗ್ವೆನ್ ತನ್ನ ಅಪ್ಪನೆದುರು ನಿಂತು ಮಾತಾಡುವಾಗ ಹಿನ್ನೆಲೆಯ ಬಣ್ಣಗಳು ಒದ್ದೆ ಜಲವರ್ಣದಂತೆ ಕರಗಿ ಇಳಿಯುತ್ತವೆ, ಅವಳ ಸಂಕಟಕ್ಕೆ ತಕ್ಕಂತೆ ಬದಲಾಗುತ್ತವೆ. ಇಂಥದ್ದನ್ನು ಬೇರಾವ ಸೂಪರ್‌ಹೀರೊ ಚಿತ್ರದಲ್ಲೂ ನಾನು ಕಂಡಿಲ್ಲ. ಮುಂಬೈ, ಮ್ಯಾನ್‌ಹಟನ್ ಬೆರೆತ ಊರಿನಲ್ಲಿ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಜಿಗಿದಾಡುವಾಗ ಮಗಳು ಸೀಟಿನ ತುದಿಗೆ ಬಂದಿದ್ದಳು.

ಬೇಸರವೆಂದರೆ, ಎರಡೂಕಾಲು ಗಂಟೆ ಕೂರಿಸಿ, ಕಥೆ ಕಾವೇರಿದ ಹೊತ್ತಿಗೆ ಮುಂದಿನ ಭಾಗಕ್ಕೆ ಕಾಯಿರಿ ಎಂದುಬಿಟ್ಟರು. ಮೊದಲು ಹೆಸರಿನಲ್ಲಿದ್ದ ‘ಭಾಗ ಒಂದು’ ಎಂಬುದನ್ನು ತೆಗೆದದ್ದು ತಪ್ಪು. ಹಣ ಕೊಟ್ಟು ಬರುವವರಿಗೆ ಅದು ಮೊದಲೇ ಗೊತ್ತಿರಬೇಕು.

ಇನ್ನೊಂದು ಮಾತು. ಭಾರತದಲ್ಲಿ 10 ಭಾಷೆಗಳಲ್ಲಿ ಬಂದ ಈ ಚಿತ್ರಕ್ಕೆ ಕನ್ನಡದ ದನಿಯೂ ಸಿಕ್ಕಿದ್ದು ಖುಷಿ. ಆದರೆ ನಾವು ಹೋದ ಚಿತ್ರಮಂದಿರದಲ್ಲಿ ಕನ್ನಡಕ್ಕೆ ದಿನಕ್ಕೆ ಒಂದೇ ಆಟ, ಅದೂ ಬೆಳಿಗ್ಗೆ. ಶಾಲೆ ಬಿಟ್ಟ ಮೇಲೆ, ಸಂಜೆ ಒಂದು ಆಟ ಕೊಡಿ. ಮಕ್ಕಳು ಖಂಡಿತ ಬರುತ್ತಾರೆ.

– ಓದುಗ, ಮೈಸೂರು