ಮಗಳಿಗೊಂದು ಪತ್ರ: ಮೇ ತಿಂಗಳ ಟಿಕೆಟ್ ಬೇಡ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, ಈ ಸಲ ಮೇ ತಿಂಗಳಿಗೇ ಟಿಕೆಟ್ ಮಾಡುತ್ತೇನಮ್ಮ, ಚಳಿಯಲ್ಲಿ ನಿನ್ನನ್ನು ಮನೆಯೊಳಗೆ ಕೂಡಿಹಾಕಿದ ಪಾಪ ಇನ್ನೊಂದು ಸಲ ಬೇಡ ಅಂದೆಯಲ್ಲ, ನಾನು ಸುಮ್ನೆ ಹೂಂ ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಾನು ಅಲ್ಲಿ ಬೇಜಾರಲ್ಲಿದ್ದೆ ಅಂತ ನಿನಗೆ ಯಾರು ಹೇಳಿದರು? ಮಿನಿಯಾಪೊಲಿಸ್‌ನ ಆ ಎರಡೂವರೆ ತಿಂಗಳು ನಾನು ಖುಷಿಯಾಗಿದ್ದೆ ಕಣೇ. ಮೊದಲ ವಾರ ಬಿಡು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಮೈನಸ್ 20 ಅಂದರೆ ಏನು ಅಂತ ಚಿತ್ರದುರ್ಗದವಳಿಗೆ ಹೇಗೆ ಗೊತ್ತಾಗಬೇಕು, ಇಲ್ಲಿ 15 ಡಿಗ್ರಿಗೆ ಇಳಿದರೆ ನಿಮ್ಮಪ್ಪ ಮಂಕಿ ಕ್ಯಾಪ್ ಹುಡುಕುತ್ತಾರೆ. ನೀನು ಮೆಟ್ಟಿಲ ಮೇಲೆ ಉಪ್ಪು ಎರಚುವುದನ್ನು ನೋಡಿ ಯಾರ ದೃಷ್ಟಿ ತಾಗಿತಪ್ಪ ಈ ಮನೆಗೆ ಅಂದುಕೊಂಡಿದ್ದೆ. ಮಂಜುಗಡ್ಡೆ ಕರಗಲಿ ಅಂತ ಎರಚುವುದು ಅಂತ ಆಮೇಲೆ ಗೊತ್ತಾಯಿತು.

ಗಾಳಿ ನನಗೆ ಹೊಸದೇನೂ ಅಲ್ಲ. ಗುಡ್ಡದ ಮೇಲೆಲ್ಲ ಗಾಳಿ ಫ್ಯಾನು ನೆಟ್ಟಿರುವ ಊರು ನಮ್ಮದು, ಆಷಾಢದಲ್ಲಿ ಜೋಗಿಮಟ್ಟಿ ಮೇಲೆ ನಿಂತರೆ ಸೆರಗು ಕೈಗೆ ಸಿಗುವುದಿಲ್ಲ. ಆದರೆ ನಿಮ್ಮೂರ ಗಾಳಿ ಬೇರೆ ಜಾತಿ. ಮೈ ಸುತ್ತ ಇರುವ ಚೂರು ಬಿಸಿಯನ್ನೂ ಎಳೆದುಕೊಂಡು ಹೋಗುತ್ತೆ. ಹೊರಡುವ ಮುಂಚೆ ನೀನು ಫೋನಿನಲ್ಲಿ ಚಳಿ ಎಷ್ಟು ಅಂತ ಒಂದು ಲೆಕ್ಕ, ಗಾಳಿ ಸೇರಿಸಿ ಇನ್ನೊಂದು ಲೆಕ್ಕ ನೋಡುತ್ತಿದ್ದೆಯಲ್ಲ, ಅದು ಯಾಕೆ ಅಂತ ಒಂದು ದಿನ ಮಫ್ಲರ್ ಮರೆತು ಹೋದಾಗ ತಿಳಿಯಿತು.

ಆದರೂ ದಿನಾ ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ವಾಕಿಂಗ್ ಹೋಗುತ್ತಿದ್ದೆ, ನೆನಪಿದೆಯಾ? ನಿನ್ನ ಬೂಟು ಹಾಕಿಕೊಂಡು, ಬಾತುಕೋಳಿ ಥರ ಪುಟ್ಟ ಪುಟ್ಟ ಹೆಜ್ಜೆ. ಚಳಿ ಜಾಸ್ತಿ ಇದ್ದ ದಿನ ಹಿಮ ಕಾಲ ಕೆಳಗೆ ಕಿರ್ ಕಿರ್ ಅನ್ನುತ್ತಿತ್ತು, ಹೊಸ ಚಪ್ಪಲಿ ಕಿರುಗುಟ್ಟುತ್ತಲ್ಲ, ಹಾಗೆ. ಹ್ಯಾರಿಯೆಟ್ ಕೆರೆ ಹತ್ತಿರ ಹೋದಾಗ ನೀನು ನೀರಿನ ಮೇಲೆ ಹೆಜ್ಜೆ ಇಡು ಅಂದೆ. ನಾನು ಸುತಾರಾಂ ಒಪ್ಪಲಿಲ್ಲ. ಮೇಲಿನ ಮಂಜುಗಡ್ಡೆ 4 ಇಂಚು ಗಟ್ಟಿಯಾದರೆ ಸಾಕು ಕಣಮ್ಮ, ಇದು ಅದಕ್ಕಿಂತ ಎಷ್ಟೋ ದಪ್ಪ ಇದೆ ಅಂತ ನೀನು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಒಬ್ಬ ಮುದುಕ ನಡು ಕೆರೆಯಲ್ಲಿ ತೂತು ಕೊರೆದು, ಸ್ಟೂಲ್ ಹಾಕಿಕೊಂಡು ಗಾಳ ಬಿಟ್ಟು ಕೂತಿದ್ದನಲ್ಲ, ಅವನನ್ನು ನೋಡಿದ ಮೇಲೆ ಧೈರ್ಯ ಬಂತು. ಇಲ್ಲಿ ಬಂದು ಕೆರೆ ಮೇಲೆ ನಡೆದೆ ಅಂದರೆ ಯಾರೂ ನಂಬುತ್ತಿಲ್ಲ. ಎದುರುಮನೆಯವರಂತೂ, ಪಾಪ ವಯಸ್ಸಾಯಿತು ಅನ್ನೋ ಮುಖ ಮಾಡಿದರು.

ಮತ್ತೆ ಆ ಹೊಸ ಹಿಮ ಬಿದ್ದ ರಾತ್ರಿ. ಸದ್ದೇ ಇಲ್ಲ. ಕಾರೂ ಇಲ್ಲ, ನಾಯಿಯೂ ಇಲ್ಲ, ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಹಿಮದ ಪುಡಿ ನಡುವೆ ಗಾಳಿ ತುಂಬಿರುತ್ತೆ, ಅದು ಸದ್ದನ್ನು ಹೀರಿಕೊಳ್ಳುತ್ತೆ ಅಂದಿದ್ದೆ ನೀನು. ಕೌದಿ ಬೆಚ್ಚಗಿಡುವುದೂ ಹಾಗೇ ಅಂತೆ, ಬಟ್ಟೆಯಲ್ಲ, ಪದರದ ನಡುವೆ ಸಿಕ್ಕಿಕೊಂಡ ಗಾಳಿ. ನಾನು ನಲವತ್ತು ವರ್ಷದಿಂದ ಕೌದಿ ಹೊದ್ದವಳು, ಇದನ್ನು ನಿನ್ನಿಂದ ಕಲಿಯಬೇಕಾಯಿತು ನೋಡು.

ಕೌದಿ ವಿಷಯಕ್ಕೇ ಬರುತ್ತೇನೆ. ನೀನು ಆಫೀಸು ಕೆಲಸಕ್ಕೆ ಲ್ಯಾಪ್‌ಟಾಪ್ ತೆರೆದರೆ ನಾನು ಕಿಟಕಿ ಪಕ್ಕ ಹಳೇ ಸೀರೆ ಹರವಿಕೊಂಡು ಕೂರುತ್ತಿದ್ದೆನಲ್ಲ, ಅದನ್ನೇ ನೀನು ಬೇಜಾರು ಅಂದುಕೊಂಡಿದ್ದು. ಪಕ್ಕದ ಮನೆ ಅಜ್ಜಿ ಬಂದು ಪ್ಯಾಟ್ರನ್ ಎಲ್ಲಿ ಅಂತ ಕೇಳಿದ್ದಳು. ಅವರದು ಅಳತೆ ಹಿಡಿದು ಕತ್ತರಿಸಿದ ಚೌಕ, ಚೌಕಕ್ಕೆ ಚೌಕ ಜೋಡಿಸಿ, ನಡುವೆ ಹತ್ತಿ ಹಾಸು, ಕೆಳಗೆ ಅಸ್ತರ್. ನಮ್ಮದು ಎಲ್ಲಾ ಪದರವೂ ಹಳೇ ಬಟ್ಟೆ. ನಮ್ಮಜ್ಜಿ ಅಂಚಿನಿಂದ ಟಾಕ ಶುರು ಮಾಡಿ, ಸುತ್ತು ಬರುತ್ತಾ ಬರುತ್ತಾ ನಡುವಿಗೆ ಬರುತ್ತಿದ್ದಳು. ನಮ್ಮ ಏಳು ಸುತ್ತಿನ ಕೋಟೆ ಥರ ಅಂತ ಹೇಳಲು ನನಗೆ ಇಂಗ್ಲಿಷ್ ಸಾಲಲಿಲ್ಲ, ನೀನು ಫೋಟೋ ತೋರಿಸಿದೆ.

ಈಗ ಇಲ್ಲೂ ಒಂದು ಹಾಸಿದ್ದೇನೆ, ನಿನಗೆ. ಬೆಳಿಗ್ಗೆ ನಿಮ್ಮಪ್ಪನ ಜೊತೆ ಚಂದ್ರವಳ್ಳಿ ತನಕ ನಡೆದು ಬರುವುದು, ಬಂದು ಅವರೆಕಾಯಿ ಸುಲಿಯುವುದು, ಮಧ್ಯಾಹ್ನ ಕೌದಿ. ಕೆಲವು ಸಂಜೆ ಕೋಟೆಗೆ ಹೋಗುತ್ತೇವೆ. ಬಿಸಿಲಿಗೆ ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬೆಚ್ಚಗಿರುತ್ತೆ, ಅದಕ್ಕೆ ಬೆನ್ನು ಕೊಟ್ಟು ಕೂತರೆ ಏಳುವ ಮನಸ್ಸಾಗುವುದಿಲ್ಲ. ಆಷಾಢದಲ್ಲಿ ಗಿರಗಿರ ತಿರುಗುವ ಗಾಳಿ ಫ್ಯಾನುಗಳು ಈಗ ಸೋಮಾರಿಯಾಗಿವೆ.

ಕೌದಿಯಲ್ಲಿ ಏನೇನಿದೆ ಹೇಳಲಾ? ದಾವಣಗೆರೆಯಲ್ಲಿ ಮಿಲ್ಲು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮಪ್ಪ ಅಲ್ಲಿಂದ ತಂದ ಬಟ್ಟೆಯ ಚೂರು. ನಿನ್ನ ಸ್ಕೂಲಿನ ನೀಲಿ ಯೂನಿಫಾರ್ಮ್, ಮಸಿ ಕಲೆ ಹಾಗೇ ಇದೆ. ನಮ್ಮಮ್ಮನ ಇಳಕಲ್ ಸೀರೆಯ ಕೆಂಪು ಅಂಚು, ಹರಿಯಲು ಕೈ ಬರಲಿಲ್ಲ, ಎರಡು ದಿನ ಕತ್ತರಿ ಪಕ್ಕಕ್ಕಿಟ್ಟಿದ್ದೆ. ಒಂದು ಮೂಲೆ ಸೊಟ್ಟ ಬಂದಿದೆ. ಬಿಚ್ಚಿ ಹೊಲಿ ಅಂದರು ನಿಮ್ಮಪ್ಪ. ಬಿಚ್ಚುವುದಿಲ್ಲ, ಅವರೇನು ಹೊದೆಯಬೇಕಾ.

ಅಜ್ಜಿ ಕೌದಿ ಮುಗಿಸುವಾಗ, ನಡುವಿನ ಕೊನೇ ಚೂರು ಮುಚ್ಚುವ ಮುಂಚೆ ಒಳಗೊಂದು ತುಂಡು ರೊಟ್ಟಿ ಇಡುತ್ತಿದ್ದಳು. ಕೌದಿ ಹಸಿದುಕೊಂಡಿರಬಾರದಂತೆ, ಹೊದ್ದವರ ಹೊಟ್ಟೆಯೂ ತುಂಬಿರಬೇಕಂತೆ. ಇರುವೆ ಬರಲ್ವಾ ಅಂತ ಕೇಳಿ ಬೈಸಿಕೊಂಡಿದ್ದೆ.

ಇದರಲ್ಲಿ ಆ ಅಂಗೈ ಅಗಲ ಜಾಗ ಮುಚ್ಚದೆ ಬಿಟ್ಟಿದ್ದೇನೆ. ವಿಮಾನದಲ್ಲಿ ರೊಟ್ಟಿ ಹೊಲಿದು ತಂದರೆ ಏರ್‌ಪೋರ್ಟಿನಲ್ಲಿ ಏನೇನು ಕೇಳುತ್ತಾರೋ, ಬೇಡ. ಜೋಳದ ಹಿಟ್ಟು ನಿಮ್ಮೂರ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತಲ್ಲ. ನಿನ್ನ ಒಲೆ ಮೇಲೆ ರೊಟ್ಟಿ ತಟ್ಟಿ, ಒಂದು ತುಂಡು ಅದಕ್ಕೆ ಹಾಕಿ, ಮಿಕ್ಕಿದ್ದನ್ನು ನಾವು ಎಣ್ಣೆಗಾಯಿ ಜೊತೆ ತಿಂದು, ಆ ಕಿಟಕಿ ಪಕ್ಕವೇ ಕೂತು ಮುಚ್ಚುತ್ತೇನೆ. ಮೇ ತಿಂಗಳ ಬಿಸಿಲಲ್ಲಿ ಕೌದಿ ತಂದುಕೊಟ್ಟರೆ ಏನು ಚಂದ? ಸಂಕ್ರಾಂತಿ ಮುಗಿಸಿ ಬರುತ್ತೇನೆ, ಎಳ್ಳು ಬೆಲ್ಲವೂ ತರುತ್ತೇನೆ.

ಮಂಚದ ಅಳತೆ ಕಳಿಸು. ಬೂಟು ಮಾತ್ರ ಈ ಸಲ ನನ್ನ ಅಳತೆಯದೇ ತಗೊಂಡಿರು, ನಿನ್ನದು ಒಂದು ಸೈಜ್ ದೊಡ್ಡದು, ಎರಡು ಸಾಕ್ಸ್ ಹಾಕಿದರೂ ಹಿಮ್ಮಡಿ ಜಾರುತ್ತಿತ್ತು.

ನಿನ್ನ
ಅಮ್ಮ