ಶೇಕಡಾ ನೂರಕ್ಕೆ ಮಾತ್ರ ಶಾಲು ಯಾಕೆ? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ಸರ್, ನನ್ನ ಮಗಳು ಓದುವುದು ಸರ್ಕಾರಿ ಹೈಸ್ಕೂಲಿನಲ್ಲಿ. ಅವಳ ಶಾಲೆಯ ಕೋಲಾಟದ ತಂಡ ಶಾಲಾ ಮಕ್ಕಳ ಕಲಾ ಸ್ಪರ್ಧೆ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಗೆದ್ದಿತು, ತಾಲ್ಲೂಕು ಗೆದ್ದಿತು, ಜಿಲ್ಲೆಯಲ್ಲೂ ಮೊದಲು ಬಂತು. ಸೀರೆ ಬಾಡಿಗೆ, ಟೆಂಪೋ ಬಾಡಿಗೆ ಎಲ್ಲ ಡ್ರಾಯಿಂಗ್ ಮೇಷ್ಟ್ರು ಮತ್ತು ನಾವು ತಂದೆತಾಯಂದಿರು ಸೇರಿ ಹಾಕಿದ್ದು. ಅದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ಆಮೇಲೆ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಫಲಿತಾಂಶ ತಂದ ಶಾಲೆಗಳಿಗೆ ತಾಲ್ಲೂಕಿನಲ್ಲಿ ಅಭಿನಂದನಾ ಸಮಾರಂಭ ಇಟ್ಟಿದ್ದರು. ಹಿಂದಿನ ದಿನ ಕತ್ತಲಾಗುವವರೆಗೂ ಕೂತು ವೇದಿಕೆಯ ಪರದೆಗೆ ಥರ್ಮಾಕೋಲ್ ಅಕ್ಷರ ಕತ್ತರಿಸಿ ಅಂಟಿಸಿದ್ದು ನಮ್ಮ ಅದೇ ಡ್ರಾಯಿಂಗ್ ಮೇಷ್ಟ್ರು. ಸ್ವಾಗತಕ್ಕೆ ಕುಣಿದದ್ದು ನಮ್ಮ ಅದೇ ಮಕ್ಕಳು. ಕುಣಿದು ಮುಗಿಯುತ್ತಿದ್ದಂತೆ 'ಬೇಗ ಇಳೀರಿ, ಟೈಮಾಯ್ತು' ಅಂದರು. ಆಮೇಲೆ ಶೇಕಡಾ ನೂರು ಬಂದ ಶಾಲೆಗಳ ಹೆಡ್‌ಮಾಸ್ಟರುಗಳಿಗೆಲ್ಲ ಶಾಲು, ಹಾರ, ಫಲಕ. ನಮ್ಮ ಶಾಲೆಯ ಹೆಸರು ಮೈಕಿನಲ್ಲಿ ಕೇಳಿದ್ದು ಒಂದೇ ಸಲ, ಫಲಿತಾಂಶ ಕಡಿಮೆಯಾದ ಶಾಲೆಗಳ ಪಟ್ಟಿ ಓದುವಾಗ! ಮಕ್ಕಳು ಇನ್ನೂ ಗೆಜ್ಜೆ ಕೂಡ ಬಿಚ್ಚಿರಲಿಲ್ಲ ಸರ್. ಜಿಲ್ಲೆಗೆ ಮೊದಲು ಬಂದ ತಂಡ ಇದೇ ಅಂತ ಆ ವೇದಿಕೆ ಮೇಲೆ ಒಬ್ಬರಾದರೂ ಹೇಳಬಾರದಿತ್ತಾ?

ಕಲೆಗೂ ಅದೇ ವೇದಿಕೆಯಲ್ಲಿ ಅದೇ ಮನ್ನಣೆ ಕೊಡಿ. ನಾನು ಕೇಳುವುದು ಇಷ್ಟೇ.

ನಿಮಗೆ ಗೊತ್ತಿರದ ವಿಷಯವೇನಲ್ಲ. ಎಸ್ಸೆಸ್ಸೆಲ್ಸಿಯ ಅಂಕವೆಲ್ಲ ಭಾಷೆ, ಗಣಿತ, ವಿಜ್ಞಾನ, ಸಮಾಜಕ್ಕೆ ಹಂಚಿಹೋಗುತ್ತದೆ, ಹಾಡಿಗೂ ಚಿತ್ರಕ್ಕೂ ಅದರಲ್ಲಿ ಪಾಲಿಲ್ಲ. ಹಾಗಾಗಿ ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುತ್ತದೆ, ಮ್ಯೂಸಿಕ್ ಪೀರಿಯಡ್ ಇದ್ದರೆ ಅದೂ ವಿಜ್ಞಾನಕ್ಕೆ. ಸಂಜೆ ಸ್ಪೆಷಲ್ ಕ್ಲಾಸ್, ಕೈಗೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಇರುವ 'ಪಾಸಿಂಗ್ ಪ್ಯಾಕೇಜ್'. ಶೇಕಡಾ ನೂರು ತೋರಿಸಬೇಕು ಅಂತ, ಓದಿನಲ್ಲಿ ಹಿಂದಿರುವ ಮಗುವಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಶಾಲೆಗಳೂ ಇವೆ. ಅಂಥ ಶಾಲೆಗೂ ಶಾಲು ಬೀಳುತ್ತದೆ, ಆ ಮಗುವನ್ನು ಸೇರಿಸಿಕೊಂಡು ಓದಿಸಿದ ಶಾಲೆಗೆ ನೋಟಿಸ್ ಬರುತ್ತದೆ.

ಅಷ್ಟು ನಂಬುವ ಆ ಶೇಕಡಾವಾರು ತಾನೇ ಎಷ್ಟು ಗಟ್ಟಿ? 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರ ನಿಗಾ, ಬಂತು. ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಕೋಲಾಟಕ್ಕೆ ಗ್ರೇಸ್ ಅಂಕ ಇರಲಿಲ್ಲ ಸರ್. ಎಲ್ಲರ ಕಣ್ಣೆದುರು ಕುಣಿದೇ ಗೆದ್ದದ್ದು.

ಪಕ್ಕದ ಕೇರಳ ನೋಡಿ. ಅಲ್ಲಿ 1957ರಿಂದ ಶಾಲಾ ಕಲೋತ್ಸವ ನಡೆಯುತ್ತಿದೆ. ಗೆದ್ದ ಜಿಲ್ಲೆಗೆ 117.5 ಪವನಿನ (ಒಂದು ಪವನ್ ಅಂದರೆ ಎಂಟು ಗ್ರಾಂ) ಚಿನ್ನದ ಕಪ್, ಒಳ್ಳೆ ಗ್ರೇಡ್ ಪಡೆದ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಯಲ್ಲಿ ಗ್ರೇಸ್ ಅಂಕ. ನಾನು ಚಿನ್ನ ಕೇಳುತ್ತಿಲ್ಲ, ಅಂಕವನ್ನೂ ಕೇಳುತ್ತಿಲ್ಲ. ಅದೇ ವೇದಿಕೆ, ಅದೇ ಶಾಲು, ಅದೇ ಫಲಕ. ಪ್ರತಿಭಾ ಕಾರಂಜಿ, ಕಲೋತ್ಸವದಲ್ಲಿ ಜಿಲ್ಲೆ ಗೆದ್ದ ಪ್ರತಿ ಶಾಲೆಗೆ, ಮಕ್ಕಳನ್ನು ತಯಾರು ಮಾಡಿದ ಪ್ರತಿ ಮೇಷ್ಟ್ರಿಗೆ, ಟೀಚರಿಗೆ.

ಓದು ಬೇಡ ಅಂತ ಯಾವ ತಾಯಿಯೂ ಹೇಳಲ್ಲ. ನನ್ನ ಮಗಳೂ ಪಾಸಾಗಬೇಕು, ಒಳ್ಳೆ ಅಂಕ ತೆಗೆಯಬೇಕು. ಆದರೆ ಅವಳ ಶಾಲೆ ಏನೂ ಸಾಧಿಸಿಲ್ಲ ಅಂತ ಮೈಕಿನಲ್ಲಿ ಹೇಳಿಸಿಕೊಳ್ಳುವುದು ಇನ್ನು ಸಾಕು. ಕಲೆಯನ್ನೂ ಶಾಲೆಯ ಸಾಧನೆ ಅಂತ ಲೆಕ್ಕಕ್ಕೆ ತಗೊಳ್ಳಿ ಅಂತ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳಿಗೂ ಒಂದು ಸುತ್ತೋಲೆ ಕಳಿಸಿ. ಮುಂದಿನ ಅಭಿನಂದನಾ ಸಮಾರಂಭಕ್ಕೆ ಮೊದಲೇ ಕಳಿಸಿ ಸರ್.

ಇಂತಿ,
ಹೈಸ್ಕೂಲ್ ಹುಡುಗಿಯೊಬ್ಬಳ ತಾಯಿ