ಮನೆ ಕೊಟ್ಟಿರಿ, ಜಗಲಿ ಯಾಕೆ ಬಿಟ್ಟಿರಿ? ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೊಡಗಿನಲ್ಲಿ ಸರ್ಕಾರ ಇನ್ನು ಮುಂದೆ ಯಾವ ಬಡಾವಣೆ ಕಟ್ಟಿದರೂ ಅದರ ನಕ್ಷೆಯನ್ನು ಟೆಂಡರ್ ಕರೆಯುವ ಮೊದಲೇ ಅಲ್ಲಿ ಬದುಕಬೇಕಾದ ಜನರ ಮುಂದೆ ಇಡಿ. ಅವರ ಮಾತು ಕೇಳಿ ನಕ್ಷೆ ತಿದ್ದಿ. ನನ್ನ ಬೇಡಿಕೆ ಇಷ್ಟೇ. ಯಾಕೆ ಅಂತ ಹೇಳೋದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

2018ರ ಆಗಸ್ಟ್ ನಿಮಗೆ ಗೊತ್ತೇ ಇದೆ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಮದೆನಾಡು, ಜೋಡುಪಾಲ ಎಲ್ಲ ಕಡೆ ಗುಡ್ಡ ಜಾರಿತು. ನಮ್ಮ ಚಿಕ್ಕಪ್ಪನ ಮನೆಯೂ ಆ ವಾರದಲ್ಲೇ ಹೋಯಿತು. ಜೀವ ಉಳಿಯಿತು. ಪರಿಹಾರ ಕೇಂದ್ರ, ಆಮೇಲೆ ಬಾಡಿಗೆ ಮನೆ, ಕೊನೆಗೆ ಪುನರ್ವಸತಿ ಬಡಾವಣೆಯಲ್ಲಿ ಒಂದು ಮನೆ ಸಿಕ್ಕಿತು. ಎರಡು ಬೆಡ್‌ರೂಮ್, ಹಾಲ್, ಅಡುಗೆಮನೆ, ಒಳಗೇ ಬಾತ್‌ರೂಮ್. ಅದಕ್ಕೆ ನಾವು ಋಣಿಗಳು, ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಎಲ್ಲ ಕಳೆದುಕೊಂಡವರಿಗೆ ಬೀಗ ಹಾಕೋಕೆ ಒಂದು ಬಾಗಿಲು ಸಿಗುವುದು ಸಣ್ಣ ವಿಷಯ ಅಲ್ಲ.

ಆದರೆ ಆ ಮನೆಗೆ ಜಗಲಿ ಇಲ್ಲ. ಬಾಗಿಲು ತೆಗೆದರೆ ಎರಡು ಮೆಟ್ಟಿಲು, ಮೆಟ್ಟಿಲು ಇಳಿದರೆ ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಎರಡೂ ಬಾಗಿಲಿಗೇ ಬಡಿಯುತ್ತವೆ. ಒದ್ದೆ ಕೊಡೆ, ಗಂಬೂಟು, ಮಳೆಗೆ ಹೊದೆಯುವ ಗೊರಬು ಇಡೋದು ಎಲ್ಲಿ? ಸೌದೆ ಒಟ್ಟೋದು ಎಲ್ಲಿ? ಬಟ್ಟೆ ಒಣಗಿಸೋದು ಎಲ್ಲಿ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಮಡಿಕೇರಿ ಸೀಮೆಯಲ್ಲಿ ಒಲೆಯ ಮೇಲೆ ಅಟ್ಟ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಒಣ ಬಟ್ಟೆಯೇ ಸಿಗುವುದಿಲ್ಲ. ಮೈಸೂರಿನಲ್ಲೋ ಮಂಡ್ಯದಲ್ಲೋ ಸರಿಹೋಗುವ ನಕ್ಷೆಯನ್ನು ಹಾಗೇ ತಂದು ಇಲ್ಲಿ ಇಳಿಸಿದ್ದಾರೆ ಅಂತ ಯಾರು ನೋಡಿದರೂ ಹೇಳುತ್ತಾರೆ.

ಇದು ಬರೀ ಸೌಕರ್ಯದ ಮಾತಲ್ಲ ಸಚಿವರೇ. ಹಳೇ ಮನೆಯಲ್ಲಿ ಚಿಕ್ಕಮ್ಮ ಜಗಲಿಯಲ್ಲಿ ಕೂತು ಮೆಣಸು ಬಿಡಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ಮಳೆ ಜೋರಾದರೆ ಅಲ್ಲೇ ಹತ್ತಿ ನಿಲ್ಲುತ್ತಿದ್ದರು, ಒಳಗಿನಿಂದ ಕಾಫಿ ಬರುತ್ತಿತ್ತು, ಯಾರ ಮನೆಯಲ್ಲಿ ಹುಷಾರಿಲ್ಲ, ಯಾರ ತೋಟಕ್ಕೆ ಆನೆ ನುಗ್ಗಿತು, ಯಾರ ಮಗಳಿಗೆ ಗಂಡು ನೋಡಿದ್ದಾರೆ ಅನ್ನೋದೆಲ್ಲ ಅಲ್ಲೇ ಮಾತಾಗುತ್ತಿತ್ತು. ಅದಕ್ಕೆ ಯಾರನ್ನೂ ಕರೆಯಬೇಕಿರಲಿಲ್ಲ. ಈಗ ಯಾರಾದರೂ ಬರಬೇಕಾದರೆ ಕಾಲಿಂಗ್ ಬೆಲ್ ಒತ್ತಬೇಕು, ಒಳಗೆ ಬಂದು ಹಾಲ್‌ನಲ್ಲಿ ಕೂರಬೇಕು. ಸುಮ್ನೆ ಬೆಲ್ ಒತ್ತೋಕೆ ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ? ಅದರ ಮೇಲೆ ಮನೆ ಹಂಚಿದ್ದು ಲಾಟರಿ ಎತ್ತಿ. ಒಂದೇ ಊರಿನವರು ಬೇರೆ ಬೇರೆ ಸಾಲಿಗೆ ಚೆದುರಿಹೋದರು. ಹಂಚಿಕೆ ನ್ಯಾಯವಾಗಿರಲಿ ಅಂತಲೇ ಲಾಟರಿ ಮಾಡಿದ್ದು, ಒಪ್ಪುತ್ತೇನೆ. ಒಂದೊಂದು ಊರಿಗೆ ಒಂದೊಂದು ಸಾಲು ಕೊಟ್ಟು, ಆ ಸಾಲಿನೊಳಗೆ ಲಾಟರಿ ಎತ್ತಬಹುದಿತ್ತು.

ನಮ್ಮ ಹಿರಿಯರು ಮನೆ ಕಟ್ಟುವಾಗ ಏನು ಯೋಚಿಸಿದ್ದರು ಅಂತ ತಿಳಿಯಬೇಕಾದರೆ ಒಂದು ಐನ್‌ಮನೆಗೆ, ಅಂದರೆ ಒಕ್ಕದ (ಒಂದೇ ವಂಶದವರ) ಮೂಲ ಮನೆಗೆ ಹೋಗಿ ಬನ್ನಿ. ಸಾಧ್ಯವಾದರೆ ಕಾರು ದೂರ ನಿಲ್ಲಿಸಿ ನಡೆದೇ ಹೋಗಿ. ಎರಡೂ ಕಡೆ ಮಣ್ಣಿನ ಗೋಡೆ ಇರುವ ಓಣಿ, ಅದು ದಾಟಿದರೆ ಕಣ, ಆಮೇಲೆ ಮೆಟ್ಟಿಲು, ಕಯ್ಯಾಲೆ ಅಂದರೆ ಜಗಲಿ. ಕಯ್ಯಾಲೆಯ ಕಂಬಗಳ ನಡುವೆ ಅಗಲವಾದ ಮರದ ಹಲಗೆ, ಅದೇ ಐಮರ. ಒಕ್ಕದ ಹಿರಿಯರು ಕೂರುತ್ತಿದ್ದುದು, ಜಗಳ ಬಗೆಹರಿಸುತ್ತಿದ್ದುದು ಅಲ್ಲೇ. ಒಳಗೆ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆ, ಅಲ್ಲಿ ತೂಗುದೀಪ. ಹೊರಗೆ ಒಕ್ಕದ ಮೂಲಪುರುಷ ಗುರುಕಾರಣನ ಗುಡಿ, ಅದೇ ಕೈಮಡ. ಹೊರಗಿನವನು ಎಲ್ಲಿವರೆಗೆ ಬರಬಹುದು, ನೆಂಟ ಎಲ್ಲಿ ಕೂರಬೇಕು, ಮನೆಯವರು ಎಲ್ಲಿ ಕೈಮುಗಿಯಬೇಕು ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮನೆಯೇ ಹೇಳುತ್ತದೆ. ಕೊಡವರಿಗೂ ಅರೆಭಾಷೆ ಗೌಡರಿಗೂ ಐನ್‌ಮನೆ ಇದೆ. ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲೆಲ್ಲೋ ಇರುವವರು ಅಲ್ಲಿ ಸೇರಿ, ಒಟ್ಟಿಗೆ ಗದ್ದೆಗೆ ಹೋಗಿ, ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಕದಿರು ತರುತ್ತಾರೆ. ಮುಂದೆ ಊರಿನವರು ಸೇರುವ ಬಯಲು, ಮಂದ್‌ನಲ್ಲಿ ಕೋಲಾಟ. ಮನೆ, ಗದ್ದೆ, ಮಂದ್ ಮೂರೂ ಇದ್ದರೇನೇ ಹುತ್ತರಿ ಹಬ್ಬ ಹಬ್ಬದಂತೆ ಇರುತ್ತದೆ. ಬಡಾವಣೆಯಲ್ಲಿ ಗದ್ದೆ ಇರಲಿಕ್ಕೆ ಸಾಧ್ಯವಿಲ್ಲ, ಅದು ನನಗೂ ಗೊತ್ತು. ಆದರೆ ಎಲ್ಲರೂ ಸೇರೋಕೆ ಒಂದು ಬಯಲು ಬಿಡಬಹುದಿತ್ತು. ಚಿಕ್ಕಪ್ಪನ ಬಡಾವಣೆಯಲ್ಲಿ ನೀರಿನ ಟ್ಯಾಂಕ್ ಪಕ್ಕ ಒಂದು ಇಳಿಜಾರು ಜಾಗ ಬಿಟ್ಟಿದ್ದಾರೆ. ಅಲ್ಲಿ ಮಕ್ಕಳು ಕ್ರಿಕೆಟ್ ಆಡೋಕೂ ಆಗಲ್ಲ.

ಪೇಟೆಯಲ್ಲೂ ಇದೇ ಮಾತು. ಮಡಿಕೇರಿ ದಸರಾದಲ್ಲಿ ಮೆರವಣಿಗೆ ಹೊರಡುವ ಹತ್ತು ಮಂಟಪಗಳನ್ನು ನೋಡಿ. ಪೇಟೆ ಶ್ರೀರಾಮಮಂದಿರ, ದೇಚೂರು, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ, ಕರವಲೆ ಭಗವತಿ, ಹೀಗೆ ಒಂದೊಂದು ಮಂಟಪಕ್ಕೂ ಒಂದು ದೇವಸ್ಥಾನ, ಅದರ ಸುತ್ತ ಒಂದು ಕೇರಿ. ಆ ಕೇರಿಯ ಹುಡುಗರು ರಾತ್ರಿಯಿಡೀ ನಿದ್ದೆಗೆಟ್ಟು ಕೆಲಸ ಮಾಡುತ್ತಾರೆ. ಪಂಪಿನ ಕೆರೆಯಿಂದ ಹೊರಡುವ ನಾಲ್ಕು ಕರಗಗಳು ಬೀದಿ ಬೀದಿ ಸುತ್ತಿ ಮನೆ ಬಾಗಿಲಲ್ಲಿ ಪೂಜೆ ತೆಗೆದುಕೊಳ್ಳುತ್ತವೆ. ಬೀದಿಗೆ ಬಾಗಿಲು ತೆರೆದಿರುವ ಮನೆಗಳಿದ್ದರೆ ಮಾತ್ರ ಇದು ನಡೆಯುತ್ತದೆ. ಎತ್ತರದ ಕಾಂಪೌಂಡ್, ಯಾವಾಗಲೂ ಮುಚ್ಚಿದ ಗೇಟ್, ವರ್ಷಕ್ಕೆರಡು ಸಲ ಬರುವ ಮಾಲೀಕ, ಇಂಥ ಮನೆಗಳು ಈಗ ಎಲ್ಲಾ ಕಡೆ ಬರುತ್ತಿವೆ. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ಜಾಗದ ಮಾತನ್ನೂ ಹೇಳಲೇಬೇಕು. ಅದೇ 2018ರಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರಗಳಲ್ಲಿ ಮನೆಗಳು ಕುಸಿದವು. ಅಲ್ಲಿದ್ದವರು ಇಳಿಜಾರಿನಲ್ಲಿ ಮನೆ ಕಟ್ಟಿದ್ದು ಬೇರೆ ಕಡೆ ಜಾಗ ಸಿಗದೆ, ಆಸೆಯಿಂದಲ್ಲ. ಇಳಿಜಾರನ್ನು ನೇರ ಕಡಿದದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ಕುಸಿತಕ್ಕೆ ಕಾರಣ ಅಂತ ಭೂವಿಜ್ಞಾನಿಗಳೂ ಹೇಳಿದರು. ಕುಶಾಲನಗರದಲ್ಲಿ ಕಾವೇರಿ ದಡದ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತು. ಹಳಬರು ಗದ್ದೆಯ ಬದಿಯಲ್ಲಿ, ನೀರು ನಿಲ್ಲದ ಎತ್ತರದಲ್ಲಿ ಮನೆ ಕಟ್ಟುತ್ತಿದ್ದರು, ತೋಡಿನ ದಾರಿ ಬಿಟ್ಟೇ ಅಂಗಳ ತಟ್ಟುತ್ತಿದ್ದರು. ಆ ತಿಳುವಳಿಕೆ ಇನ್ನೂ ಹಳ್ಳಿಗಳಲ್ಲಿ ಇದೆ, ಕೇಳುವವರು ಬೇಕು ಅಷ್ಟೇ.

ಐನ್‌ಮನೆ, ಜಗಲಿ ಅಂತ ಬರೆದು ಲೈನ್‌ಮನೆ ಬಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ಕೊಡಗಿನ ಕಾಫಿ ಕೊಯ್ಯುವ ಕೈಗಳು ಇರೋದು ಲೈನ್‌ಮನೆಗಳಲ್ಲಿ. ಒಂದೇ ಚಾವಣಿ, ಸಾಲಾಗಿ ಕೋಣೆಗಳು, ನಡುವೆ ಒಂದೊಂದು ಗೋಡೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರೇ ಕಾರ್ಮಿಕರಿಗೆ ಮನೆ ಕೊಡಬೇಕು ಅಂತ ಹೇಳಿತು. ಕೊಟ್ಟರು. ಆದರೆ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ನಲವತ್ತು ವರ್ಷ ಒಂದೇ ಲೈನ್‌ನಲ್ಲಿ ಬದುಕಿದವರಿಗೂ ಅಲ್ಲೊಂದು ತೆಂಗಿನ ಸಸಿ ನೆಡುವ ಹಕ್ಕಿಲ್ಲ. ಕೂಲಿ ಜಾಸ್ತಿ ಕೇಳೋಕೆ ಬಾಯಿ ಬರಬೇಕಾದರೆ ಮನೆ ತನ್ನದಾಗಿರಬೇಕು, ಅಲ್ವಾ?

ಲೈನ್‌ಮನೆ ಬಿಟ್ಟು ಬಂದ ಎಷ್ಟೋ ಆದಿವಾಸಿ ಕುಟುಂಬಗಳು ಕಾಡಂಚಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರ್‌ನಲ್ಲಿ ಅವನ್ನು ಕಿತ್ತು ಹಾಕಿದರು. ದೊಡ್ಡ ಹೋರಾಟವಾಯಿತು, ಕೊನೆಗೆ ಕುಶಾಲನಗರ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಕೊಟ್ಟರು. ಹಕ್ಕಿನ ಜಾಗ ಸಿಕ್ಕಿದ್ದು ದೊಡ್ಡ ಗೆಲುವೇ. ಆದರೆ ಜೇನು, ಗೆಡ್ಡೆ, ಸೊಪ್ಪು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರನ್ನು ಕಾಡಿನಿಂದ, ಕೂಲಿ ಸಿಗುತ್ತಿದ್ದ ತೋಟಗಳಿಂದ ಅಷ್ಟು ದೂರ ತಂದಾಗ ಅವರು ದಿನಾ ಏನು ಕೆಲಸ ಮಾಡಬೇಕು ಅಂತಲೂ ಯೋಚಿಸಬೇಕಿತ್ತು.

ಅದಕ್ಕೇ ಸಚಿವರೇ, ನಕ್ಷೆ ಮೊದಲು ಜನರಿಗೆ ತೋರಿಸಿ ಅನ್ನೋದು. ಅವರು ಅರಮನೆ ಕೇಳುವುದಿಲ್ಲ. ಒಂದು ಬೆಡ್‌ರೂಮ್ ಕಮ್ಮಿ ಮಾಡಿ ಜಗಲಿ ಕೊಡಿ ಅನ್ನಬಹುದು. ತಾರಸಿ ಬೇಡ, ಇಳಿಜಾರು ಹೆಂಚು ಸಾಕು ಅನ್ನಬಹುದು. ಕೋಳಿಗೂಡಿಗೆ, ಹಸುವಿಗೆ, ಸೌದೆಗೆ ಹಿಂದೆ ಜಾಗ ಬಿಡಿ, ನಮ್ಮೂರಿನವರನ್ನು ಅಕ್ಕಪಕ್ಕ ಹಾಕಿ, ಮಧ್ಯದಲ್ಲಿ ಒಂದು ಸಮತಟ್ಟಾದ ಬಯಲು ಇರಲಿ ಅನ್ನಬಹುದು.

ಆ ಸಭೆಯನ್ನು ಜುಲೈ ತಿಂಗಳಲ್ಲಿ, ಬಡಾವಣೆ ಬರುವ ಜಾಗದಲ್ಲೇ ಕರೆಯಿರಿ, ನೀರು ಎಲ್ಲಿ ಹರಿಯುತ್ತದೆ ಅಂತ ನಿಮ್ಮ ಎಂಜಿನಿಯರ್‌ಗಳಿಗೂ ಕಾಣುತ್ತದೆ. ಭಾನುವಾರ ಇಟ್ಟರೆ ಯಾರ ಕೂಲಿಯೂ ತಪ್ಪುವುದಿಲ್ಲ. ಮೊದಲು ಹೆಂಗಸರಿಗೆ ಮಾತಾಡಲು ಬಿಡಿ. ಆ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಇರಬೇಕಾದವರು ಅವರೇ.

ಇಂತಿ,
ಮಡಿಕೇರಿಯಿಂದ ನಿಮ್ಮ ಮತದಾರಳು